ಕೊಂಡ ಆಟ, ಆಡದ ಆಟ: 97 ಬಾಕಿ ಗೇಮ್‌ಗಳ ಹಿಂದಿನ ಇತಿಹಾಸ

(ಈ ವಾರದ ವಿಡಿಯೋದ ಬರಹ ರೂಪ. ಮಾತಿನಲ್ಲಿ ಬಂದ "ಅಂದ್ರೆ", "ಅಲ್ವಾ"ಗಳನ್ನು ಒಂದಷ್ಟು ತೆಗೆದಿದ್ದೀನಿ, ಎಲ್ಲವನ್ನೂ ಅಲ್ಲ.)

 

ಕಳೆದ ದೀಪಾವಳಿಗೆ ನಾನು ಊರಿಗೆ ಹೋಗಲಿಲ್ಲ. ಆಫೀಸಲ್ಲಿ ರಿಲೀಸ್ ಇತ್ತು. ಪುಣೆಯಿಂದ ಶಿವಮೊಗ್ಗಕ್ಕೆ ಬಸ್ ಟಿಕೆಟ್ ನೋಡುವ ಹೊತ್ತಿಗೆ ಸೀಟೂ ಇರಲಿಲ್ಲ, ದರ ಕೇಳೋ ಹಾಗೂ ಇರಲಿಲ್ಲ. ಹೈದರಾಬಾದ್‌ನಲ್ಲಿರೋ ನನ್ನ ತಮ್ಮನದೂ ಅದೇ ಕಥೆ. ಹಬ್ಬದ ರಾತ್ರಿ ಅವನು ಫೋನ್ ಮಾಡಿ, "ಅಣ್ಣ, ಸುಮ್ನೆ ಕೂತಿದ್ದೀಯಲ್ಲ, ಏನಾದ್ರೂ ಗೇಮ್ ಆಡೋಣ್ವಾ? ನಿನ್ನ ಹತ್ರ ಯಾವ್ಯಾವುದಿದೆ?" ಅಂತ ಕೇಳಿದ. ಸ್ಟೀಮ್ ತೆಗೆದು ನೋಡಿದೆ. ನನ್ನ ಹೆಸರಲ್ಲಿ ಇರೋದು 212 ಗೇಮ್. ಅದರಲ್ಲಿ ಒಂದು ಸಲವೂ ತೆರೆಯದೇ ಇರೋದು 97.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಅಣ್ಣ, ಆಡಲ್ಲ ಅಂದ್ರೆ ತಗೊಳ್ಳೋದ್ಯಾಕೆ?"

ಆ ಪ್ರಶ್ನೆಗೆ ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಸೋಮಾರಿತನ, ದುಡ್ಡಿನ ಕೊಬ್ಬು, ಮಧ್ಯವಯಸ್ಸು, ಏನು ಬೇಕಾದರೂ ಹೇಳಬಹುದು. ಆದರೆ ಹುಡುಕ್ತಾ ಹೋದರೆ ಇದು ನನ್ನೊಬ್ಬನ ದೋಷ ಅಲ್ಲ, ಇದಕ್ಕೊಂದು ಇತಿಹಾಸ ಇದೆ ಅಂತ ಗೊತ್ತಾಯ್ತು. ಸುಮಾರು 45 ವರ್ಷದ ಇತಿಹಾಸ. ಇವತ್ತು ಅದನ್ನೇ ಮಾತಾಡೋಣ.

ನಾಣ್ಯ ಹಾಕಿ ಕೊಳ್ಳುತ್ತಿದ್ದದ್ದು ನಿಮಿಷಗಳನ್ನು

1978ರಲ್ಲಿ ಜಪಾನಿನ ಟೈಟೊ ಕಂಪನಿ ಸ್ಪೇಸ್ ಇನ್ವೇಡರ್ಸ್ ಅನ್ನೋ ಆಟ ತಂದಿತು. ಮಾಡಿದವರು ತೊಮೊಹಿರೊ ನಿಶಿಕಾಡೊ. ಎರಡು ವರ್ಷದ ನಂತರ, 1980ರಲ್ಲಿ, ನ್ಯಾಮ್ಕೊ ಕಂಪನಿಯ ತೊರು ಇವಾತಾನಿ ಪ್ಯಾಕ್‌ಮ್ಯಾನ್ ಮಾಡಿದರು. ಇವೆಲ್ಲ ಅಂಗಡಿಯಲ್ಲಿ ನಿಂತು ನಾಣ್ಯ ಹಾಕಿ ಆಡುವ ಪೆಟ್ಟಿಗೆಗಳು. ಈ ವ್ಯಾಪಾರದ ಲೆಕ್ಕ ಸರಳ. ಒಬ್ಬ ಒಂದೇ ನಾಣ್ಯದಲ್ಲಿ ಅರ್ಧ ದಿನ ಆಡಿದರೆ ಅಂಗಡಿಯವನಿಗೆ ನಷ್ಟ. ಹಾಗಾಗಿ ಆಟ ಬೇಗ ಬೇಗ ಕಷ್ಟವಾಗಬೇಕು, ನಿಮ್ಮನ್ನು ಕೆಲವೇ ನಿಮಿಷದಲ್ಲಿ ಸಾಯಿಸಬೇಕು, ಆದರೆ "ಇನ್ನೊಂದ್ ಸಲ" ಅನ್ನಿಸುವಷ್ಟು ಆಸೆಯನ್ನೂ ಉಳಿಸಬೇಕು.

ಇದು ನಮ್ಮೂರಿಗೂ ಬಂತು, ಸ್ವಲ್ಪ ತಡವಾಗಿ. ಬಸ್ ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಪಾರ್ಲರ್ ನೆನಪಿದೆಯಾ? ಕತ್ತಲೆ ಕೋಣೆ, ನಾಲ್ಕೈದು ಪೆಟ್ಟಿಗೆ, ಕಾಯಿನ್ ಕೊಡೋಕೆ ಒಬ್ಬ. ಅಲ್ಲಿನ ರಾಜ "ಮುಸ್ತಾಫಾ". ಆಟದ ನಿಜವಾದ ಹೆಸರು ಕ್ಯಾಡಿಲ್ಯಾಕ್ಸ್ ಆ್ಯಂಡ್ ಡೈನೋಸಾರ್ಸ್, 1993ರಲ್ಲಿ ಕ್ಯಾಪ್‌ಕಾಮ್ ತಂದದ್ದು. ಆದರೆ ಆ ಹೆಸರು ಯಾರಿಗೆ ಬೇಕಿತ್ತು? ಹಳದಿ ಟೋಪಿಯವನ ಹೆಸರೇ ಆಟದ ಹೆಸರಾಯ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಪಾರ್ಲರ್‌ನಲ್ಲಿ "ಕೊಂಡು ಆಡದೇ ಬಿಟ್ಟ ಆಟ" ಅನ್ನೋದು ಸಾಧ್ಯವೇ ಇರಲಿಲ್ಲ. ಕಾಯಿನ್ ಒಳಗೆ ಬಿದ್ದ ಕ್ಷಣವೇ ಆಟ ಶುರು. ದುಡ್ಡು ಕೊಟ್ಟು ನಾವು ಕೊಳ್ತಿದ್ದದ್ದು ಆಟವನ್ನಲ್ಲ, ಅದರ ಮುಂದೆ ನಿಲ್ಲೋ ಕೆಲವು ನಿಮಿಷಗಳನ್ನ.

9999 ಆಟಗಳ ಸುಳ್ಳು

ಮುಂದಿನದು ಮನೆಯೊಳಗಿನ ಕಥೆ. ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ 1983ರಲ್ಲಿ ಜಪಾನಿನಲ್ಲಿ ಬಂತು. ನಮ್ಮಲ್ಲಿ ಬಹಳ ಮನೆಗೆ ಬಂದದ್ದು ಅದರ ನಕಲುಗಳು. ಮೀಡಿಯಾ, ಲಿಟಲ್ ಮಾಸ್ಟರ್, ವಿಜ್ ಕಿಡ್ ಅಂತ ಒಂದೊಂದು ಹೆಸರು. ನಾವೆಲ್ಲ ಒಟ್ಟಾಗಿ ಅದಕ್ಕೆ "ಟಿವಿ ಗೇಮ್" ಅಂತಿದ್ವಿ. ಬೇಸಿಗೆ ರಜೆಯಲ್ಲಿ ಅಪ್ಪ ತಂದುಕೊಟ್ಟ ಡಬ್ಬದ ಜೊತೆ ಒಂದು ಹಳದಿ ಕ್ಯಾಸೆಟ್ ಬಂದಿತ್ತು. ಮೇಲೆ ಬರೆದಿತ್ತು: 9999 ಇನ್ 1.

ನಾನೂ ತಮ್ಮನೂ ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದ್ವಿ. ದಿನಕ್ಕೆ ಐದು ಆಟ ಅಂದ್ರೂ ಮುಗಿಯೋಕೆ ಐದು ವರ್ಷಕ್ಕಿಂತ ಹೆಚ್ಚು ಬೇಕು! ಎರಡೇ ದಿನಕ್ಕೆ ಸತ್ಯ ಗೊತ್ತಾಯ್ತು. ಇರೋದು ಬೆರಳೆಣಿಕೆಯ ಆಟ. ಕಾಂಟ್ರಾ, ಮಾರಿಯೊ, ಡಕ್ ಹಂಟ್, ಇನ್ನು ಕೆಲವು. ಅದೇ ಆಟಗಳು ಹೆಸರು ಬದಲಿಸಿಕೊಂಡು, ಎರಡನೇ ಹಂತದಿಂದ ಶುರುವಾಗಿ, ಮತ್ತೆ ಮತ್ತೆ ಪಟ್ಟಿಯಲ್ಲಿ ಬರ್ತಿದ್ವು. ಇಂಥ ಕ್ಯಾಸೆಟ್‌ಗಳು ಏಷ್ಯಾ, ರಷ್ಯಾ, ಲ್ಯಾಟಿನ್ ಅಮೆರಿಕ ಎಲ್ಲ ಕಡೆಯೂ ಇದ್ದವು. ಅದೇ ಸುಳ್ಳು, ಅದೇ ಸಂಖ್ಯೆ.

ಆದರೆ ನಮಗೆ ಮೋಸ ಹೋದೆವು ಅನ್ನಿಸಲಿಲ್ಲ. ಇದ್ದ ಕಾಂಟ್ರಾವನ್ನೇ ನೂರಾರು ಸಲ ಆಡಿದ್ವಿ. ಯಾವ ಗುಂಡು ಎಲ್ಲಿಂದ ಬರತ್ತೆ ಅಂತ ಕಣ್ಣುಮುಚ್ಚಿ ಹೇಳ್ತಿದ್ವಿ. ನಾನು ಸತ್ತರೆ ತಮ್ಮನ ಲೈಫ್ ಕದೀತಿದ್ದೆ, ಅವನು ಅಮ್ಮನ ಹತ್ರ ದೂರು ಹೇಳ್ತಿದ್ದ. ಆಟ ಕಡಿಮೆ, ಸಮಯ ಧಾರಾಳ. ಇವತ್ತಿನ ಲೆಕ್ಕದ ತಿರುವುಮುರುವು.

ಗಂಟೆಗೆ 20 ರೂಪಾಯಿ

2000ದ ನಂತರ ಸೈಬರ್ ಕೆಫೆಗಳ ಕಾಲ. ನಮ್ಮ ಕಾಲೇಜಿನ ಹಿಂದಿನ ಸೈಬರ್‌ನಲ್ಲಿ ಗಂಟೆಗೆ 20 ರೂಪಾಯಿ. ಐಜಿಐ, ವೈಸ್ ಸಿಟಿ, ಏಜ್ ಆಫ್ ಎಂಪೈರ್ಸ್, ಕೌಂಟರ್ ಸ್ಟ್ರೈಕ್. ಮತ್ತೆ ಅದೇ ನೀತಿ: ಕೊಳ್ಳೋದು ಸಮಯ. ಗೇಮು ಸೈಬರ್‌ನವರದ್ದು, ಕಂಪ್ಯೂಟರೂ ಅವರದ್ದು. ನಮ್ಮದು ಅಂತ ಇದ್ದದ್ದು ಆ ಒಂದು ಗಂಟೆ. ಹಾಕಿದ ಸೇವ್ ಮಾರನೇ ದಿನ ಇರುತ್ತೆ ಅನ್ನೋ ಖಾತ್ರಿಯೂ ಇಲ್ಲ, ಬೇರೆ ಯಾರೋ ಅದರ ಮೇಲೆ ಆಡಿ ಹೋಗಿರ್ತಿದ್ರು. ಟೈಮ್ ಮುಗಿಯೋಕೆ ಐದು ನಿಮಿಷ ಇರುವಾಗ ಕೌಂಟರ್‌ನವರು ಕೂಗಿದರೆ ಎದೆ ಢವಢವ.

ಮನೆಗೆ ಕಂಪ್ಯೂಟರ್ ಬಂದವರಿಗೆ ಸಿಡಿ ಸಿಗ್ತಿತ್ತು. ಬೆಂಗಳೂರಿನ ಎಸ್.ಪಿ. ರೋಡ್, ಚೆನ್ನೈನ ರಿಚ್ಚಿ ಸ್ಟ್ರೀಟ್, ಮುಂಬೈನ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್. ನೀವೀಗ ಇರೋ ಊರಲ್ಲೂ ಅಂಥದ್ದೊಂದು ಬೀದಿ ಇದ್ದೇ ಇದೆ. ಅಲ್ಲಿಂದ ಬಂದ ಒಂದು ಸಿಡಿ ಇಡೀ ಹಾಸ್ಟೆಲ್ ಸುತ್ತುತ್ತಿತ್ತು. ಅಸಲಿ ಯಾವುದು, ನಕಲಿ ಯಾವುದು ಅಂತ ಯಾರೂ ಕೇಳ್ತಿರಲಿಲ್ಲ. ಈ ಮಾತು ಮುಂದೆ ಬೇಕಾಗತ್ತೆ, ನೆನಪಿಟ್ಟುಕೊಳ್ಳಿ.

ಮಣ್ಣಲ್ಲಿ ಹೂತ ರಾಶಿ

ಈಗ ಸ್ವಲ್ಪ ಹಿಂದಕ್ಕೆ, ಅಮೆರಿಕಕ್ಕೆ ಹೋಗೋಣ. ಯಾರೂ ಆಡದ ಆಟಗಳ ರಾಶಿ ಮೊದಲು ಬಿದ್ದದ್ದು ಅಲ್ಲಿ. ಆದರೆ ಅದು ಬಿದ್ದದ್ದು ಗಿರಾಕಿಯ ಮನೆಯಲ್ಲಲ್ಲ, ಕಂಪನಿಯ ಗೋಡೌನ್‌ನಲ್ಲಿ.

1982ರಲ್ಲಿ ಅಟಾರಿ ಕಂಪನಿ ಸ್ಪೀಲ್‌ಬರ್ಗ್ ಅವರ ಇ.ಟಿ. ಸಿನಿಮಾದ ಹಕ್ಕು ತಗೊಂಡು ಗೇಮ್ ಮಾಡಿಸಿತು. ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿ ಇರಲೇಬೇಕು ಅನ್ನೋ ಡೆಡ್‌ಲೈನ್. ಪ್ರೋಗ್ರಾಮರ್ ಹೋವರ್ಡ್ ಸ್ಕಾಟ್ ವಾರ್ಶಾ ಅವರಿಗೆ ಸಿಕ್ಕಿದ್ದು ಸುಮಾರು ಐದು ವಾರ. ಇದನ್ನು ಓದುತ್ತಾ ನಗ್ತಾ ಇರೋರು ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ಕ್ಲೈಂಟ್‌ಗೆ ದಿನಾಂಕ ಹೇಳಿ ಬರೋದು ಒಬ್ಬರು, ರಾತ್ರಿ ಕೂತು ಬರೆಯೋದು ಇನ್ನೊಬ್ಬರು, ಇದೇನು ಹೊಸದಲ್ಲ. ಕಂಪನಿ ಲಕ್ಷಗಟ್ಟಲೆ ಕಾರ್ಟ್ರಿಜ್ ತಯಾರಿಸಿಬಿಟ್ಟಿತ್ತು. ಬಹಳಷ್ಟು ಮಾರಾಟವಾಗಲಿಲ್ಲ, ಮಾರಾಟವಾದವೂ ವಾಪಸ್ ಬಂದವು. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆಯೇ ಕುಸಿಯಿತು. ಇ.ಟಿ. ಒಂದೇ ಕಾರಣವಲ್ಲ, ಯಾರು ಬೇಕಾದರೂ ಗೇಮ್ ಮಾಡಿ ಅಂಗಡಿಗೆ ಸುರಿಯುತ್ತಿದ್ದ ಕಾಲ ಅದು. ಅದೇ ವರ್ಷ ಅಟಾರಿ ತನ್ನ ಹೆಚ್ಚುವರಿ ಸರಕನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಅನ್ನೋ ಊರಿನ ಕಸದ ಗುಂಡಿಗೆ ಸುರಿದು, ಮೇಲೆ ಕಾಂಕ್ರೀಟ್ ಹಾಕಿಸಿತು.

ಈ ಕಥೆಯ ಪಾಠವನ್ನು ಉದ್ಯಮ ಚೆನ್ನಾಗಿ ಕಲಿಯಿತು. ಮಾರಾಟವಾಗದ ಸರಕು ಗೋಡೌನ್‌ನಲ್ಲಿ ಇದ್ದರೆ ಕಂಪನಿ ಮುಳುಗತ್ತೆ. ಗೋಡೌನೇ ಇಲ್ಲದ ವ್ಯಾಪಾರ ಒಂದಿದ್ದರೆ?

ಗೋಡೌನ್ ಇಲ್ಲದ ಅಂಗಡಿ

2003ರ ಸೆಪ್ಟೆಂಬರ್‌ನಲ್ಲಿ ವಾಲ್ವ್ ಕಂಪನಿ ಸ್ಟೀಮ್ ಶುರು ಮಾಡಿತು. ಮೊದಲಿಗೆ ಅದು ಅಂಗಡಿ ಆಗಿರಲಿಲ್ಲ, ತಮ್ಮ ಆಟಗಳಿಗೆ ಅಪ್‌ಡೇಟ್ ತಲುಪಿಸೋ ಸಾಫ್ಟ್‌ವೇರ್ ಆಗಿತ್ತು. ಕೌಂಟರ್ ಸ್ಟ್ರೈಕ್ 1.6 ಬಂದದ್ದು ಅದರ ಜೊತೆಗೇ. ನಾವು ಸೈಬರ್‌ನಲ್ಲಿ ಕೂತು ಹೆಡ್‌ಶಾಟ್ ಹೊಡೀತಿದ್ದ ಅದೇ 1.6! 2004ರ ನವೆಂಬರ್‌ನಲ್ಲಿ ಹಾಫ್ ಲೈಫ್ 2 ಬಂದಾಗ, ಅಂಗಡಿಯಲ್ಲಿ ಡಿಸ್ಕ್ ಕೊಂಡರೂ ಸ್ಟೀಮ್ ಇಲ್ಲದೆ ಆಡೋ ಹಾಗಿರಲಿಲ್ಲ. ಆಗ ಜನ ಬೈದರು. 2005ರಿಂದ ಬೇರೆ ಕಂಪನಿಗಳ ಆಟವೂ ಅಲ್ಲಿ ಮಾರಾಟಕ್ಕೆ ಬಂದವು.

ಈ ಅಂಗಡಿಯಲ್ಲಿ ಒಂದು ಪ್ರತಿ ಮಾರಿದರೂ, ಹತ್ತು ಲಕ್ಷ ಪ್ರತಿ ಮಾರಿದರೂ, ಪ್ರತಿ ತಯಾರಿಸೋ ಖರ್ಚು ಹೆಚ್ಚು ಕಡಿಮೆ ಏನೂ ಇಲ್ಲ. ಹಾಗಿದ್ದ ಮೇಲೆ ಬೆಲೆ ಎಷ್ಟು ಇಳಿಸಬಹುದು? 2009ರ ಫೆಬ್ರವರಿಯಲ್ಲಿ ಲಾಸ್ ವೇಗಾಸ್‌ನ ಡೈಸ್ ಸಮ್ಮೇಳನದಲ್ಲಿ ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ತಮ್ಮ ಹಿಂದಿನ ಹಬ್ಬದ ಸೇಲ್‌ನ ಲೆಕ್ಕ ಬಿಚ್ಚಿಟ್ಟರು. 10% ರಿಯಾಯಿತಿ ಕೊಟ್ಟಾಗ ಆದಾಯ 35% ಹೆಚ್ಚಿತ್ತು. 75% ರಿಯಾಯಿತಿ ಕೊಟ್ಟಾಗ 1470% ಹೆಚ್ಚಿತ್ತು. ಗಮನಿಸಿ, ಮಾರಿದ ಪ್ರತಿಗಳ ಸಂಖ್ಯೆ ಅಲ್ಲ, ಬಂದ ದುಡ್ಡೇ ಅಷ್ಟು. ಕಾಲು ಬೆಲೆಗೆ ಕೊಟ್ಟು ಹದಿನೈದು ಪಟ್ಟಿಗೂ ಹೆಚ್ಚು ಹಣ.

ಈಗ ನಾವೇ ಯೋಚನೆ ಮಾಡೋಣ. ಬೆಲೆ ಕಾಲು ಭಾಗ ಆದ ತಕ್ಷಣ ಜನರ ಸಂಜೆಯ ಬಿಡುವು ಹದಿನೈದು ಪಟ್ಟಾಗಿತ್ತಾ? ಇಲ್ಲ. ದಿನಕ್ಕೆ 24 ಗಂಟೆಯೇ. ಹಾಗಾದರೆ ಅಷ್ಟು ಜನ ಅಷ್ಟು ಆಟ ಕೊಂಡದ್ದು ಯಾವ ಸಮಯದಲ್ಲಿ ಆಡೋಕೆ? ಉತ್ತರ: "ಮುಂದೆ ಯಾವಾಗಾದರೂ". ನಮ್ಮ ಬಾಕಿ ಪಟ್ಟಿ ಹುಟ್ಟಿದ್ದು ಅಲ್ಲಿ.

ಆಮೇಲೆ ಒಂದರ ಹಿಂದೆ ಒಂದು. 2010ರ ಮೇ ತಿಂಗಳಲ್ಲಿ ಹಂಬಲ್ ಇಂಡಿ ಬಂಡಲ್ ಬಂತು: ವರ್ಲ್ಡ್ ಆಫ್ ಗೂ ಸೇರಿ ಕೆಲವು ಆಟಗಳ ಗಂಟು, ಬೆಲೆ ನಿಮಗೆ ತೋಚಿದಷ್ಟು, ಒಂದು ಪಾಲು ದಾನಕ್ಕೆ. ಒಳ್ಳೆಯ ಉದ್ದೇಶವೇ. ಆದರೆ ಒಂದು ಆಟಕ್ಕಾಗಿ ಗಂಟು ಕೊಂಡರೆ ಉಳಿದವು ಕರೆಯದೇ ಮನೆಗೆ ಬಂದು ಕೂತವು. 2015ರ ನವೆಂಬರ್‌ನಲ್ಲಿ ಸ್ಟೀಮ್ ಭಾರತದಲ್ಲಿ ರೂಪಾಯಿ ಬೆಲೆ ಹಾಕಿತು. ಅಲ್ಲಿತನಕ ಡಾಲರ್ ನೋಡಿ ಹಿಂದೆ ಸರೀತಿದ್ದ ನಮ್ಮಂಥವರ ಕೈ ತಡೆಯೋರೇ ಇಲ್ಲವಾಯ್ತು. 2018ರ ಡಿಸೆಂಬರ್‌ನಲ್ಲಿ ಎಪಿಕ್ ಅಂಗಡಿ ತೆರೆದು ಆಟಗಳನ್ನು ಪುಕ್ಕಟೆ ಹಂಚೋಕೆ ಶುರು ಮಾಡಿತು. 2020ರ ಮೇ, ಲಾಕ್‌ಡೌನ್ ಮಧ್ಯೆ, ಅವರು ಜಿಟಿಎ 5 ಪುಕ್ಕಟೆ ಕೊಟ್ಟಾಗ ಅಂಗಡಿಯ ಸರ್ವರ್‌ಗಳೇ ಗಂಟೆಗಟ್ಟಲೆ ಮಲಗಿಬಿಟ್ಟವು. ನಾನೂ ಆ ಸಾಲಿನಲ್ಲಿದ್ದೆ. ಕಷ್ಟಪಟ್ಟು ತಗೊಂಡೆ. ಇವತ್ತಿಗೂ ತೆರೆದಿಲ್ಲ.

2014ರ ಏಪ್ರಿಲ್

ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ತಿಂಗಳು ಇದು.

2014ರ ಏಪ್ರಿಲ್ ಮಧ್ಯದಲ್ಲಿ ಆರ್ಸ್ ಟೆಕ್ನಿಕಾ ಪತ್ರಿಕೆಯ ಕೈಲ್ ಓರ್ಲೆಂಡ್ ಒಂದು ವರದಿ ಬರೆದರು. ಆಗ ಸ್ಟೀಮ್‌ನಲ್ಲಿ ಬಹಳ ಜನರ ಪ್ರೊಫೈಲ್ ಎಲ್ಲರಿಗೂ ಕಾಣುವ ಹಾಗಿತ್ತು. ಅದರಿಂದ ಯಾದೃಚ್ಛಿಕವಾಗಿ ಮಾದರಿ ತೆಗೆದು ಒಟ್ಟು ಲೆಕ್ಕ ಅಂದಾಜು ಮಾಡಿದರು. ಸ್ಟೀಮ್ ಖಾತೆಗಳಲ್ಲಿ ಸೇರಿಕೊಂಡಿದ್ದ ಸುಮಾರು 78 ಕೋಟಿ ಆಟಗಳಲ್ಲಿ 37% ಒಂದು ಸಲವೂ ತೆರೆದಿರಲಿಲ್ಲ. ಹೆಚ್ಚು ಕಡಿಮೆ 29 ಕೋಟಿ.

ಅದೇ ತಿಂಗಳ 26ರಂದು, ಅಲಮೊಗೊರ್ಡೊದ ಕಸದ ಗುಂಡಿಯನ್ನು ಒಂದು ಸಾಕ್ಷ್ಯಚಿತ್ರಕ್ಕಾಗಿ ಅಗೆದರು. 31 ವರ್ಷದ ನಂತರ ಇ.ಟಿ. ಕಾರ್ಟ್ರಿಜ್‌ಗಳು ಮಣ್ಣಿನಿಂದ ಮೇಲೆ ಬಂದವು. ಒಟ್ಟು ಸುಮಾರು 1,300 ಕಾರ್ಟ್ರಿಜ್ ತೆಗೆದರು. ಧೂಳಿನ ಗಾಳಿಯಲ್ಲಿ ನಿಂತು ನೋಡ್ತಿದ್ದ ಜನರಲ್ಲಿ ಅದನ್ನು ಐದು ವಾರದಲ್ಲಿ ಬರೆದ ವಾರ್ಶಾ ಅವರೂ ಇದ್ದರು.

ಜಗತ್ತೆಲ್ಲ ಆ ಗುಂಡಿಯ ಫೋಟೋ ನೋಡಿ ನಕ್ಕಿತು. ಎಷ್ಟೊಂದು ವ್ಯರ್ಥ ಅಂದಿತು. ಆದರೆ ಅದೇ ಹೊತ್ತಿಗೆ ನಮ್ಮ ನಮ್ಮ ಖಾತೆಗಳಲ್ಲಿ, ಆ ಗುಂಡಿಗಿಂತ ನೂರಾರು ಪಟ್ಟು ದೊಡ್ಡ ರಾಶಿ ಸದ್ದಿಲ್ಲದೆ ಬಿದ್ದಿತ್ತು. ವ್ಯತ್ಯಾಸ ಇಷ್ಟೇ: 1983ರಲ್ಲಿ ರಾಶಿ ಮಾರುವವನ ಗೋಡೌನ್‌ನಲ್ಲಿತ್ತು, ಅವನು ದಿವಾಳಿಯ ಅಂಚಿಗೆ ಹೋದ. ಈಗ ರಾಶಿ ಕೊಳ್ಳುವವನ ಮನೆಗೆ ಬಂದಿದೆ, ಅದೂ ದುಡ್ಡು ಪಾವತಿಯಾದ ಮೇಲೆ. ಗೋಡೌನ್ ಎಲ್ಲೂ ಮಾಯವಾಗಿಲ್ಲ. ಅದು ನಾವೇ.

24 ವರ್ಷದ ಲೆಕ್ಕ

ಈಗಿನ ಸ್ಥಿತಿ ಏನು? 2024ರಲ್ಲಿ ಸ್ಟೀಮ್‌ಗೆ ಬಂದ ಹೊಸ ಆಟಗಳು 18 ಸಾವಿರಕ್ಕೂ ಹೆಚ್ಚು. ದಿನಕ್ಕೆ ಸುಮಾರು 50. ಅದೇ ವರ್ಷದ ಕೊನೆಗೆ ಸ್ಟೀಮ್ ತಾನೇ ಕೊಟ್ಟ ಅಂಕಿಅಂಶ ನೋಡಿ: ಜನ ಆಡಿದ ಒಟ್ಟು ಸಮಯದಲ್ಲಿ ಆ ವರ್ಷದ ಹೊಸ ಆಟಗಳಿಗೆ ಹೋದದ್ದು 15% ಮಾತ್ರ. ಮತ್ತೆ, ಒಬ್ಬ ಸರಾಸರಿ ಆಟಗಾರ, ಅಂದ್ರೆ ಸಾಲಿನ ನಟ್ಟನಡುವೆ ನಿಂತವನು, ಇಡೀ ವರ್ಷದಲ್ಲಿ ಆಡಿದ್ದು 4 ಆಟ.

ನಾನು ಆ ನಡುವಿನ ಮನುಷ್ಯನೇ ಅಂದುಕೊಳ್ಳಿ. 97 ಭಾಗಿಸು 4. ಹೊಸದೇನೂ ಕೊಳ್ಳದೆ ಆಡ್ತಾ ಹೋದರೂ 24 ವರ್ಷ. ನನಗೀಗ 37. ಪಟ್ಟಿ ಮುಗಿಯುವಾಗ 61. ರಿಟೈರ್ ಆಗೋದು 60ಕ್ಕೆ!

ಹಾಗಂತ ಇಟ್ಟುಕೊಂಡು ಮಕ್ಕಳಿಗೆ ಕೊಡೋಣ ಅಂದರೆ ಅದೂ ಆಗಲ್ಲ. ಸ್ಟೀಮ್ ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಹಾಗಿಲ್ಲ ಅಂತ ಅವರ ಒಪ್ಪಂದದಲ್ಲೇ ಇದೆ. 2024ರ ಅಕ್ಟೋಬರ್‌ನಿಂದ, ಕ್ಯಾಲಿಫೋರ್ನಿಯಾದ ಹೊಸ ಕಾನೂನು ಬರುವ ಮೊದಲೇ, ದುಡ್ಡು ಕಟ್ಟುವ ಜಾಗದಲ್ಲಿ ಒಂದು ಸಾಲು ಕಾಣಿಸಿಕೊಂಡಿದೆ: ನೀವು ಕೊಳ್ತಾ ಇರೋದು ಉತ್ಪನ್ನದ ಪರವಾನಗಿ ಅಂತ. ಅಜ್ಜನ ಪುಸ್ತಕದ ಕಪಾಟು ಮೊಮ್ಮಗನಿಗೆ ಸಿಗತ್ತೆ, ಇದು ಸಿಗಲ್ಲ. ವಾಪಸ್ ಕೊಡೋಣ ಅಂದರೆ, 2015ರಲ್ಲಿ ಬಂದ ರಿಫಂಡ್ ನಿಯಮದ ಪ್ರಕಾರ ಕೊಂಡು 14 ದಿನದೊಳಗೆ ಕೇಳಬೇಕು, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ನನ್ನವು ಸೊನ್ನೆ ಗಂಟೆ. ಆದರೆ 14 ದಿನ ಯಾವಾಗಲೋ ದಾಟಿವೆ.

ಬ್ಯಾಕ್‌ಲಾಗ್ ಅನ್ನೋ ಪದ

ಇಂಥ ಪಟ್ಟಿಗೆ ಬ್ಯಾಕ್‌ಲಾಗ್ ಅಂತಾರೆ. ನಮಗೆ ಈ ಪದ ಎರಡು ಸಲ ಗಾಯ ಮಾಡಿದೆ. ಮೊದಲನೆಯದು ಇಂಜಿನಿಯರಿಂಗ್‌ನಲ್ಲಿ. "ಎಷ್ಟು ಬ್ಯಾಕ್ ಇದೆ?" ಅಂತ ಯಾರಾದರೂ ಕೇಳಿದರೆ ಇವತ್ತಿಗೂ ಎಂ3 ಪೇಪರ್ ಕಣ್ಣಮುಂದೆ ಬರತ್ತೆ. ಎರಡನೆಯದು ಆಫೀಸಲ್ಲಿ, ಪ್ರತಿ ಸೋಮವಾರ ಬೆಳಗ್ಗೆ ಜಿರಾ ತೆರೆದಾಗ. ಹಾಗಾಗಿ ಬ್ಯಾಕ್‌ಲಾಗ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ತಪ್ಪಿತಸ್ಥ ಭಾವ.

ದೀಪಾವಳಿ ಆದ ಮೇಲೆ ನಾನು ಮಾಡಿದ್ದೂ ಅದನ್ನೇ. ಎಕ್ಸೆಲ್ ಶೀಟ್ ಹಾಕಿದೆ. ಹೆಸರು, ಎಷ್ಟು ಗಂಟೆ ಬೇಕು, ಆದ್ಯತೆ, ಸ್ಟೇಟಸ್. ಎರಡು ವಾರಕ್ಕೊಂದು ಸ್ಪ್ರಿಂಟ್. ಶನಿವಾರ ರಾತ್ರಿ ದಿ ವಿಚರ್ 3 ಹಾಕಿಕೊಂಡು, ದಾರಿಯಲ್ಲಿ ಸಿಕ್ಕವರ ಮಾತು ಕೇಳದೆ ಬಟನ್ ಒತ್ತಿ ಓಡಿಸ್ತಾ, ಇವತ್ತಿನ ಟಾರ್ಗೆಟ್ ಮುಗಿಸಬೇಕು ಅಂತ ಕೂತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಆಫೀಸ್ ಕೆಲಸ ಇಲ್ಲ ಅಂದ್ರಲ್ಲ?" ಅಂದಳು. "ಕೆಲಸ ಅಲ್ಲ, ಗೇಮ್" ಅಂದೆ. "ಮತ್ತೆ ಮುಖ ಯಾಕೆ ಹಾಗಿದೆ?" ಅಂತ ಕೇಳಿ ಹೋದಳು.

ಶೀಟ್ ಅಳಿಸಿದೆ. ಆಮೇಲೆ ಸುಮ್ಮನೆ ಕುತೂಹಲಕ್ಕೆ ಪದದ ಮೂಲ ಹುಡುಕಿದೆ. ಬ್ಯಾಕ್‌ಲಾಗ್ ಅಂದರೆ ಮೊದಲಿಗೆ ನಿಜವಾಗಿಯೂ ಒಂದು ಮರದ ದಿಮ್ಮಿ. 17ನೇ ಶತಮಾನದ ಇಂಗ್ಲಿಷ್‌ನಲ್ಲಿ, ಬೆಂಕಿಗೂಡಿನ ಹಿಂಬದಿಗೆ ಇಡುತ್ತಿದ್ದ ದೊಡ್ಡ ಕೊರಡಿಗೆ ಆ ಹೆಸರು. ಮುಂದಿನ ಪುಳ್ಳೆಗಳು ಬೇಗ ಉರಿದು ಹೋದರೂ ಹಿಂದಿನ ಕೊರಡು ನಿಧಾನಕ್ಕೆ ಉರೀತಾ ಕೆಂಡ ಕಾಪಾಡುತ್ತಿತ್ತು. ಅಲ್ಲಿಂದ "ಮುಂದಕ್ಕೆ ಬೇಕಾಗಬಹುದು ಅಂತ ಇಟ್ಟ ಸಂಗ್ರಹ" ಅನ್ನೋ ಅರ್ಥ 19ನೇ ಶತಮಾನದಲ್ಲಿ ಬಂತು. "ಮಾಡಿ ಮುಗಿಸದೇ ಉಳಿದ ಬಾಕಿ" ಅನ್ನೋ ಅರ್ಥ 20ನೇ ಶತಮಾನದ್ದು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿ ಮನೆಯ ಬಚ್ಚಲ ಒಲೆಯಲ್ಲಿ ಹಂಡೆಯ ಕೆಳಗೆ ಒಂದು ದಪ್ಪ ಕೊರಡು ಇರ್ತಿತ್ತು. ರಾತ್ರಿ ಬೂದಿ ಮುಚ್ಚಿದರೆ ಬೆಳಗ್ಗೆ ಕೆದಕಿ ಊದಿದ ಕೂಡಲೇ ಕೆಂಡ. ಅದನ್ನು ನೋಡಿ ಯಾರೂ "ಅಯ್ಯೋ, ಇನ್ನೂ ಉರಿದು ಮುಗಿದಿಲ್ಲವಲ್ಲ" ಅಂತ ಕೊರಗಿದ್ದು ನಾನು ಕಾಣೆ.

ಯಾಕೆ ತಗೊಂಡೆ?

ಆಮೇಲೆ 97 ಆಟಗಳನ್ನು ಬೇರೆ ರೀತಿ ವಿಂಗಡಿಸಿದೆ. ಎಷ್ಟು ಗಂಟೆ ಬೇಕು ಅಂತ ಅಲ್ಲ, ಯಾಕೆ ತಗೊಂಡೆ ಅಂತ. ತಮ್ಮ ಕೇಳಿದ್ದ ಪ್ರಶ್ನೆ ಅದೇ ತಾನೆ?

ಗಂಟಿನ ಜೊತೆ ಬಂದವು, ಬೆಲೆ ಕಡಿಮೆ ಅಂತಲೇ ತಗೊಂಡವು, ಎರಡೂ ಸೇರಿ 58. ಅವುಗಳ ಮೇಲೆ ನನಗೆ ಎಂದೂ ಆಸೆ ಇರಲಿಲ್ಲ. ಸ್ಟೀಮ್‌ನಲ್ಲಿ ಆಟವನ್ನು ಪಟ್ಟಿಯಿಂದ ಮರೆಮಾಡೋ ಸೌಲಭ್ಯ ಇದೆ, 58ನ್ನೂ ಮರೆಮಾಡಿದೆ. ಒಂದಕ್ಕೂ ಬೇಜಾರಾಗಲಿಲ್ಲ.

ಉಳಿದದ್ದು 39. ಅವನ್ನು ನೋಡ್ತಾ ಒಂದು ವಿಷಯ ಹೊಳೆಯಿತು. ಮ್ಯಾಕ್ಸ್ ಪೇನ್, ಪ್ರಿನ್ಸ್ ಆಫ್ ಪರ್ಷಿಯಾ, ಏಜ್ ಆಫ್ ಎಂಪೈರ್ಸ್. ಅರ್ಧಕ್ಕರ್ಧ ಆಟಗಳು ಹಳೇ ಸೈಬರ್‌ನವು, ಹಾಸ್ಟೆಲ್ ಸಿಡಿಯವು. ಆಗ ದುಡ್ಡು ಕೊಡದೆ ಆಡಿದ್ದು, ಅಥವಾ ಟೈಮ್ ಮುಗಿದು ಅರ್ಧಕ್ಕೆ ಎದ್ದು ಬಂದಿದ್ದು. ಸಂಬಳ ಬರೋಕೆ ಶುರುವಾದ ಮೇಲೆ ಅವನ್ನೆಲ್ಲ ಒಂದೊಂದಾಗಿ ಅಸಲಿ ಬೆಲೆಗೆ ಕೊಂಡಿದ್ದೆ. ಆಡೋಕಲ್ಲ. ಆ ಹುಡುಗನ ಸಾಲ ತೀರಿಸೋಕೆ. ಗಂಟೆಗೆ 20 ರೂಪಾಯಿ ಇಲ್ಲದೆ ಬೇರೆಯವರ ಹಿಂದೆ ನಿಂತು ನೋಡ್ತಿದ್ದವನಿಗೆ, ತಗೋ, ಇನ್ಮೇಲೆ ಯಾರೂ ಎಬ್ಬಿಸಲ್ಲ ಅಂತ ಹೇಳೋಕೆ. ಆದರೆ ಅಂಗಡಿಯಲ್ಲಿ ಸಿಕ್ಕಿದ್ದು ಆಟ ಮಾತ್ರ. ಅವನಿಗೆ ಬೇಕಿದ್ದ ಇಡೀ ಮಧ್ಯಾಹ್ನ, ಪಕ್ಕದಲ್ಲಿ ಕೂತ ತಮ್ಮ, ಅದು ಯಾವ ಸೇಲ್‌ನಲ್ಲೂ ಇರಲಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. ಏಜ್ ಆಫ್ ಎಂಪೈರ್ಸ್ 2 ಮೊದಲು ಬಂದದ್ದು 1999ರಲ್ಲಿ, ಅದರ ಹೊಸ ರೂಪ 2019ರಲ್ಲಿ. ನಾನು ಆಗಲೇ ಕೊಂಡು ಇಟ್ಟಿದ್ದೆ, ಸೊನ್ನೆ ಗಂಟೆ. ಅವನೂ ತಗೊಂಡ. ಈಗ ಭಾನುವಾರ ರಾತ್ರಿ ಒಂಬತ್ತೂವರೆಗೆ ಅವನು ಗಚ್ಚಿಬೌಲಿಯಿಂದ, ನಾನು ವಾಕಡ್‌ನಿಂದ ಆಡ್ತೀವಿ. ಬಹಳ ಕೆಟ್ಟದಾಗಿ ಆಡ್ತೀವಿ. ಕಂಪ್ಯೂಟರ್ ವಿರುದ್ಧವೇ ಸೋಲ್ತೀವಿ. ಈ ಮೊದಲು ನಾವು ಫೋನಲ್ಲಿ ಮಾತಾಡ್ತಿದ್ದದ್ದು ಅಪ್ಪನ ಶುಗರ್ ರಿಪೋರ್ಟ್, ಮನೆ ಕಂದಾಯ, ಯಾರು ಯಾವ ಹಬ್ಬಕ್ಕೆ ಹೋಗ್ತಾರೆ ಅನ್ನೋದು, ಅಷ್ಟೇ. ನಾಲ್ಕು ನಿಮಿಷದ ಕಾಲ್. ಈಗ ಮರ ಕಡಿಯೋಕೆ ಆಳು ಕಳಿಸಿ ಕಾಯುವಾಗ ಅವನು ತನ್ನ ಪ್ರಾಜೆಕ್ಟ್ ನಿಂತು ಮೂರು ತಿಂಗಳಾಯ್ತು, ಬೆಂಚ್‌ನಲ್ಲಿದ್ದೀನಿ ಅಂತ ಹೇಳಿದ. ಮೂರು ತಿಂಗಳು ನನಗೆ ಗೊತ್ತೇ ಇರಲಿಲ್ಲ.

ಒಬ್ಬನೇ ಆಡಿದ್ದೂ ಇದೆ. ಪೋರ್ಟಲ್ ಒಂದೇ ಭಾನುವಾರ ಮುಗೀತು. ರಾಜಿ ಅಂತ ಒಂದು ಆಟ, 2020ರದ್ದು, ಮಾಡಿದ್ದು ನಾನಿರೋ ಪುಣೆಯದೇ ನಾಡಿಂಗ್ ಹೆಡ್ಸ್ ಗೇಮ್ಸ್. ಅದೇ ಊರಲ್ಲಿ ಕೂತು ವರ್ಷಗಟ್ಟಲೆ ತೆರೆದಿರಲಿಲ್ಲ. ಹೀಗೆ ಈ ವರ್ಷ ಆರು ಮುಗಿಸಿದ್ದೀನಿ. ಐದನ್ನು ಶುರು ಮಾಡಿ, ಹಿಡಿಸಲಿಲ್ಲ ಅಂತ ಬಿಟ್ಟಿದ್ದೀನಿ. ಬಿಟ್ಟದ್ದೂ ಒಂದು ತೀರ್ಮಾನವೇ. ವಿಚರ್ ಈಗ ನಿಧಾನಕ್ಕೆ, ದಾರಿಯಲ್ಲಿ ಸಿಕ್ಕವರೆಲ್ಲರ ಮಾತು ಕೇಳ್ತಾ ಸಾಗಿದೆ. ಮುಂದಿನ ದೀಪಾವಳಿಗೂ ಮುಗಿಯಲ್ಲ, ಮುಗಿಯೋದು ಬೇಡ.

ಮತ್ತೆ ಮುಂದಿನ ಸೇಲ್? ಬರತ್ತೆ. ನಾನು ಸಂತ ಅಲ್ಲ. ಆದರೆ ಈಗ ಕಾರ್ಟ್‌ಗೆ ಹಾಕೋ ಮೊದಲು ಒಂದು ಪ್ರಶ್ನೆ ಕೇಳಿಕೊಳ್ತೀನಿ: ಇದನ್ನು ಯಾವ ದಿನ, ಎಷ್ಟು ಗಂಟೆಗೆ, ಯಾರ ಜೊತೆ ಆಡ್ತೀನಿ? ಪಾರ್ಲರ್‌ನಲ್ಲೂ ಸೈಬರ್‌ನಲ್ಲೂ ಆ ಪ್ರಶ್ನೆಗೆ ಉತ್ತರ ಬೆಲೆಯೊಳಗೇ ಇರ್ತಿತ್ತು. ಈಗ ಅದನ್ನು ನಾವೇ ಕೇಳಬೇಕು, ಅಂಗಡಿಯವನು ಕೇಳಲ್ಲ.

ಇವತ್ತು ರಾತ್ರಿ ನಿಮ್ಮ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ. ಸೊನ್ನೆ ಗಂಟೆಯ ಆಟಗಳಲ್ಲಿ ಒಂದನ್ನು ಆರಿಸಿ, ಅದನ್ನು ಯಾಕೆ ತಗೊಂಡಿದ್ರಿ, ಯಾರ ನೆನಪಲ್ಲಿ ತಗೊಂಡಿದ್ರಿ ಅಂತ ಕೆಳಗೆ ಬರೀರಿ. ಆಟದ ಹೆಸರಿಗಿಂತ ಆ ಕಾರಣ ಓದೋಕೆ ನನಗೆ ಇಷ್ಟ. ಆಮೇಲೆ ಆ ಮನುಷ್ಯರಿಗೆ ಒಂದು ಫೋನ್ ಹಾಕಿ.

ಮುಂದಿನ ವಾರ ಸಿಗೋಣ. ಭಾನುವಾರ ಒಂಬತ್ತೂವರೆ ಆದ ಮೇಲೆ ಮಾತ್ರ ನನಗೆ ಮೆಸೇಜ್ ಹಾಕಬೇಡಿ, ಸೋಲ್ತಾ ಇರ್ತೀನಿ. ನಮಸ್ಕಾರ.